ಹೋದವರ ಮುಖ

ಕೊಪ್ಪಳದ ಮನೆಯೊಂದರಲ್ಲಿ ತೀರಿಕೊಂಡ ಗೃಹಿಣಿ ಸೋಫಾದ ಮೇಲೆ ನಗುತ್ತ ಕುಳಿತಿದ್ದಾರೆ. ಮೊಬೈಲಿನಲ್ಲಿ ಅಜ್ಜನ ಹಳೆಯ ಫೋಟೊ ರೆಪ್ಪೆ ಬಡಿಯುತ್ತದೆ. ಇದನ್ನು ಕಂಡು ಅಜ್ಜಿ ಕೈ ಮುಗಿಯುತ್ತಾಳೆ, ಮಗನ ಗಂಟಲು ಕಟ್ಟುತ್ತದೆ, ಮೊಮ್ಮಗಳು ಮಾತಾಡಿಸಲು ಹೊರಡುತ್ತಾಳೆ. ಹಿರಿಯರ ಅಮಾವಾಸ್ಯೆಯ ಹೊತ್ತಿಗೆ ಇಳಕಲ್ಲಿನ ಆಸುಪಾಸಿನಿಂದ ಒಂದು ನೋಟ.

2020ರ ಆಗಸ್ಟ್ 8. ಕೊಪ್ಪಳದಲ್ಲೊಂದು ಗೃಹಪ್ರವೇಶ. ಬಾಗಿಲಿಗೆ ತೋರಣ, ಒಳಗೆ ಹೊಸ ಬಣ್ಣದ ವಾಸನೆ. ಹೊಸ್ತಿಲು ದಾಟಿದವರು ಗಕ್ಕನೆ ನಿಂತುಬಿಟ್ಟರು. ಸೋಫಾದ ಮೇಲೆ ಗುಲಾಬಿ ಬಣ್ಣದ ಸೀರೆಯುಟ್ಟು, ಬಂಗಾರ ತೊಟ್ಟು, ಬಂದವರನ್ನು ಈಗಷ್ಟೇ ನೋಡಿ ನಕ್ಕಂತೆ ಕುಳಿತಿದ್ದವರು ಮನೆಯೊಡತಿ ಮಾಧವಿ.

ಮಾಧವಿ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

2017ರ ಜುಲೈನಲ್ಲಿ ಹೆಣ್ಣುಮಕ್ಕಳೊಂದಿಗೆ ತಿರುಪತಿಗೆ ಹೊರಟಿದ್ದಾಗ, ಕೋಲಾರದ ಬಳಿ ನಡೆದ ಅಪಘಾತದಲ್ಲಿ ಅವರು ಪ್ರಾಣ ಬಿಟ್ಟರು. ಮಕ್ಕಳು ಉಳಿದರು. ಹೊಸ ಮನೆ ಕಟ್ಟಬೇಕೆನ್ನುವುದು ಮಾಧವಿಯವರ ಆಸೆ. ಪತಿ, ಉದ್ಯಮಿ ಶ್ರೀನಿವಾಸ ಗುಪ್ತಾ ಆ ಆಸೆಯನ್ನು ಕೈಬಿಡಲಿಲ್ಲ. ಆದರೆ ಬಯಸಿದವಳೇ ಇಲ್ಲದ ಮನೆಗೆ ಹೇಗೆ ಕಾಲಿಡುವುದು? ಹಲವು ವಾಸ್ತುಶಿಲ್ಪಿಗಳನ್ನು ಕಂಡರು. ಅವರಲ್ಲೊಬ್ಬರು ಆಕೆಯ ಪ್ರತಿಮೆ ಮಾಡಿಸುವ ಮಾತು ತೆಗೆದರು. ಬೆಂಗಳೂರಿನ ‘ಗೊಂಬೆ ಮನೆ’ಯ ಕಲಾವಿದ ಶ್ರೀಧರ ಮೂರ್ತಿ ಸುಮಾರು ಒಂದು ವರ್ಷ ಕೆಲಸ ಮಾಡಿ ಈ ಸಿಲಿಕಾನ್ ಪ್ರತಿಮೆಯನ್ನು ಮುಗಿಸಿದರು.

ಗೃಹಪ್ರವೇಶದ ಫೋಟೊಗಳು ಒಂದೆರಡು ದಿನದಲ್ಲಿ ದೇಶ ದಾಟಿದವು. ಅಮ್ಮನ ಎರಡೂ ಬದಿಗೆ ಮಕ್ಕಳು, ಜೊತೆಗೆ ಗಂಡ. ಯಾವ ಮನೆಯ ಆಲ್ಬಮ್ಮಿನಲ್ಲೂ ಇರಬಹುದಾದ ಕುಟುಂಬದ ಚಿತ್ರ. ವಿಷಯ ತಿಳಿಯದವರಿಗೆ ಅದರಲ್ಲಿ ವಿಶೇಷವೇನೂ ಕಾಣದು. ತಿಳಿದವರಿಗೆ ಅದರಿಂದ ಕಣ್ಣು ಕೀಳುವುದು ಕಷ್ಟ.

[ಚೌಕಟ್ಟು] ಮೇಣ ಬಿಟ್ಟು ಸಿಲಿಕಾನ್ ಏಕೆ?
ಮೇಣದ ಪ್ರತಿಮೆ ಸೆಕೆಗೆ ಮೆತ್ತಗಾಗುತ್ತದೆ, ಅದಕ್ಕೆ ಸದಾ ತಂಪು ಬೇಕು. ಕೊಪ್ಪಳದಂಥ ಬಿಸಿಲೂರಿನಲ್ಲಿ ಹಗಲಿರುಳು ಎ.ಸಿ. ಹಾಕಿಡುವುದು ಆಗದ ಮಾತು. ಸಿಲಿಕಾನ್ ಶಾಖ ತಡೆಯುತ್ತದೆ, ಚರ್ಮದಂತೆ ತುಸು ಮೃದುವಾಗಿಯೂ ಇರುತ್ತದೆ. ಬಣ್ಣವನ್ನು ಪದರ ಪದರವಾಗಿ ಕೂರಿಸಿದರೆ ಬೆಳಕು ಮೇಲ್ಮೈಯಿಂದ ಕೊಂಚ ಒಳಗಿಳಿದು ಚೆದುರುತ್ತದೆ. ಮೈಬಣ್ಣದಲ್ಲಿ ಜೀವಕಳೆ ಕಾಣುವುದು ಇದರಿಂದ. ಅದೇ ಬಣ್ಣ ಪ್ಲಾಸ್ಟರಿನ ಮೇಲೆ ಸತ್ತಂತೆ ಕಾಣುತ್ತದೆ.

ಇಳಕಲ್ಲಿನಿಂದ ಕೊಪ್ಪಳ ದೂರವೇನಲ್ಲ. ಹೆದ್ದಾರಿ ಹಿಡಿದು ಕುಷ್ಟಗಿ ದಾಟಿದರೆ ಆಯಿತು. ಈ ಸೀಮೆಯಲ್ಲಿ ಆ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಗ, ಒಂದೇ ಮನೆಯ ಮೂರು ತಲೆಮಾರು ಅದನ್ನು ಮೂರು ಬಗೆಯಾಗಿ ನೋಡಿದರೆ ಅಚ್ಚರಿಯಿಲ್ಲ. ಸತ್ತವರನ್ನು ನೆನೆಯಲು ಆ ಮೂರೂ ತಲೆಮಾರಿಗೆ ಸಿಕ್ಕ ಸಾಮಗ್ರಿಯೇ ಬೇರೆ ಬೇರೆ.

ಹಳ್ಳಿಯಲ್ಲಿ ಹುಟ್ಟಿ ಎಂಬತ್ತು ದಾಟಿದ ಹೆಣ್ಣುಮಗಳ ಬಳಿ ಆಕೆಯ ಅವ್ವನ ಫೋಟೊ ಇರುವುದು ಅಪರೂಪ. ಅವ್ವನ ಮುಖ ಇರುವುದು ಆಕೆಯ ನೆನಪಿನಲ್ಲಿ ಮಾತ್ರ, ಅದೂ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತ. ಆಕೆಯ ಮಗನ ಕಾಲಕ್ಕೆ ಫೋಟೊ ಬಂತು. ಸ್ಟುಡಿಯೋದಲ್ಲಿ ಬಿಗಿಯಾಗಿ ನಿಂತು ತೆಗೆಸಿದ ಒಂದೇ ಒಂದು ಚಿತ್ರ ದೊಡ್ಡದಾಗಿ, ಕಟ್ಟು ಹಾಕಿಸಿಕೊಂಡು, ಕುಂಕುಮ ಮೆತ್ತಿಸಿಕೊಂಡು ಪಡಸಾಲೆಯ ಗೋಡೆ ಏರಿತು. ಮೊಮ್ಮಗಳ ಕಾಲಕ್ಕೆ ಅಜ್ಜಿ ಸಾವಿರಾರು ಫೋಟೊಗಳಲ್ಲಿ, ಹತ್ತಾರು ವಿಡಿಯೊಗಳಲ್ಲಿ, ‘ಉಂಡಿಯೇನವ್ವಾ’ ಎಂದು ಕೇಳುವ ವಾಟ್ಸ್‌ಆ್ಯಪ್ ದನಿಗಳಲ್ಲಿ ಇದ್ದಾಳೆ.

ಮುಖ ಮಸುಕಾಗುವುದನ್ನು ಸಹಿಸಿ ಬದುಕಿದ ತಲೆಮಾರು ಒಂದು ಕಡೆ. ಮುಖ ಮಸುಕಾಗಲು ಬಿಡದ ಫೋನನ್ನು ಕೈಯಲ್ಲಿ ಹಿಡಿದ ತಲೆಮಾರು ಇನ್ನೊಂದು ಕಡೆ. ಸಿಲಿಕಾನ್ ಪ್ರತಿಮೆ, ಕೃತಕ ಬುದ್ಧಿಮತ್ತೆಯ ದನಿ, ಮಾತಾಡುವ ವಿಡಿಯೊ ಇವೆಲ್ಲ ಬಂದು ನಿಂತಿರುವುದು ಈ ಇಬ್ಬರ ನಡುವೆ.

ಈ ಸೀಮೆಗೆ ಹೋದವರನ್ನು ಇರಿಸಿಕೊಳ್ಳುವ ಕಲೆ ಹೊಸದಲ್ಲ. ಹುನಗುಂದ, ಬಾದಾಮಿ ಕಡೆಯ ಊರುಗಳಲ್ಲಿ ಗುಡಿಯ ಮಗ್ಗುಲಲ್ಲೋ ಅಗಸಿಯ ಬಳಿಯೋ ವೀರಗಲ್ಲುಗಳು ನಿಂತಿರುತ್ತವೆ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಹತ್ತಿರ ಹೋಗಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ: ಎಲ್ಲ ವೀರರ ಮುಖವೂ ಹೆಚ್ಚುಕಡಿಮೆ ಒಂದೇ. ಶಾಸನವಿದ್ದರೆ ಹೆಸರು ತಿಳಿಯುತ್ತದೆ. ಶಾಸನ ಸವೆದಿದ್ದರೆ ಅವನು ಬರೀ ವೀರ.

ಕೆಲವು ಮನೆಗಳ ದೇವರ ಜಗಲಿಯ ಮೇಲೆ ಹಿರಿಯರ ಹೆಸರಿನಲ್ಲಿ ಪುಟ್ಟ ಬೆಳ್ಳಿಯ ಟಾಕುಗಳು, ಅಂದರೆ ಉಬ್ಬುಚಿತ್ರದ ತಗಡುಗಳು, ಇರುತ್ತವೆ. ಅವುಗಳಲ್ಲೂ ಅಷ್ಟೆ, ಕಣ್ಣು ಮೂಗಿನ ಗುರುತಷ್ಟೇ ಇದೆ, ಹೋಲಿಕೆಯಿಲ್ಲ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಗದ್ದುಗೆಗೆ ಭಕ್ತರು ತಲೆಬಾಗುತ್ತಾರೆ. ಗದ್ದುಗೆಗೂ ಮುಖವಿಲ್ಲ. ಹೂವು, ವಸ್ತ್ರ, ವಿಭೂತಿ, ಅಷ್ಟೆ.

ಕಲ್ಲು ಕಡೆಯುವವರಿಗೆ ಮುಖ ಬಿಡಿಸಲು ಬರುತ್ತಿರಲಿಲ್ಲವೆಂದೇನಲ್ಲ. ಬಾದಾಮಿಯ ಗುಹೆಗಳ, ಐಹೊಳೆಯ ಕಂಬಗಳ ಮಿಥುನ ಶಿಲ್ಪಗಳಲ್ಲಿ ಒಂದೊಂದು ಮುಖಕ್ಕೂ ಒಂದೊಂದು ಭಾವ ಕೊಟ್ಟ ಕೈಗಳು ಈ ನೆಲದವೇ. ಆದರೂ ಸತ್ತವರ ಕಲ್ಲಿನಲ್ಲಿ ಮುಖ ಸಾಮಾನ್ಯವಾಯಿತು. ತೀರಿಕೊಂಡವನು ಇಂಥವನ ಅಪ್ಪ, ಇಂಥವಳ ಗಂಡ ಎನ್ನುವ ಗುರುತು ಮೆಲ್ಲಗೆ ಕಳಚಿ ‘ಹಿರಿಯರು’ ಎಂಬ ಗುಂಪಿನಲ್ಲಿ ಸೇರಿಕೊಳ್ಳುತ್ತಾನೆ. ಹಳೆಯ ರೂಢಿಯಲ್ಲಿ ಸಾವೆಂದರೆ ಮುಖ ಕಳೆದುಕೊಂಡು ಹಿರಿಯನಾಗುವ ದಾರಿ.

ಭಾದ್ರಪದದ ಕೊನೆಗೆ ಬರುವ ಅಮಾವಾಸ್ಯೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕಲಶ ಇಟ್ಟು, ಹೊಸ ಧೋತರ, ಹೊಸ ಸೀರೆ ಇಟ್ಟು ಎಡೆ ಹಿಡಿಯುತ್ತಾರೆ. ಇಳಕಲ್ಲಿನ ಮನೆಗಳಲ್ಲಿ ಆ ಸೀರೆ ಊರಿನ ಮಗ್ಗದ್ದೇ ಆಗಿರುವುದುಂಟು: ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ, ಎರಡರ ಹಾಸೂ ಕೊಂಡಿಯಿಂದ ಕೂಡಿದ್ದು. ಅಜ್ಜಿಗೆ ಇಷ್ಟವಾಗಿದ್ದ ಹೋಳಿಗೆ, ಅಜ್ಜನಿಗೆ ಇಷ್ಟವಾಗಿದ್ದ ಪಲ್ಯ. ಹಿರಿಯರು ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ. ಮರುದಿನ ಆ ಸೀರೆಯನ್ನು ಮನೆಯವರೇ ಉಡುತ್ತಾರೆ. ಬರುವುದಕ್ಕೊಂದು ದಿನ, ಹೋಗುವುದಕ್ಕೊಂದು ಹೊತ್ತು.

ಸಿಲಿಕಾನ್ ಪ್ರತಿಮೆ ಕಂಡ ಹಿರಿಯರು ಹೆದರುತ್ತಾರೆ, ಇದೆಲ್ಲ ಅವರಿಗೆ ಒಗ್ಗುವುದಿಲ್ಲ ಎಂದು ಕಿರಿಯರು ಎಣಿಸುತ್ತಾರೆ. ಈ ಎಣಿಕೆ ಪೂರ್ತಿ ಸರಿಯಲ್ಲ. ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸದೆ ಕೂರಿಸುತ್ತಾರೆ. ಮೈ ತೊಳೆದು, ವಿಭೂತಿ ಧರಿಸಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದರೆ, ಬಂದವರು ಎದುರಿಗೆ ಕುಳಿತು ಮುಖ ನೋಡುತ್ತಾರೆ, ಹೆಸರಿಟ್ಟು ಮಾತಾಡಿಸುತ್ತಾರೆ. ಹೆಂಗಸರು ಹಾಡ್ಯಾಡಿ ಅಳುತ್ತಾರೆ: ನೀನು ಹಿಂಗ ಕುಂತಿದ್ದಿ, ಹಂಗ ಕರದಿದ್ದಿ ಎಂದು. ಭಜನೆ ರಾತ್ರಿಯಿಡೀ ನಡೆಯುತ್ತದೆ. ಸಿಂಗರಿಸಿದ ವಿಮಾನದಲ್ಲಿ ಕುಳಿತ ಭಂಗಿಯಲ್ಲೇ ಮೆರವಣಿಗೆ, ಕುಳಿತ ಭಂಗಿಯಲ್ಲೇ ಸಮಾಧಿ.

ಹಾಗಾಗಿ ಸತ್ತವರು ಸೀರೆಯುಟ್ಟು, ಒಡವೆ ತೊಟ್ಟು ಎದುರಿಗೆ ಕುಳಿತಿರುವುದು ಇಲ್ಲಿನ ಅಜ್ಜಿಗೆ ಹೊಸ ನೋಟವಲ್ಲ. ಹೊಸತು ಏನೆಂದರೆ, ಮರುದಿನವೂ ಕುಳಿತೇ ಇರುವುದು.

ನಡುವಯಸ್ಸಿನವರ ಕಥೆ ಇನ್ನೊಂದು. ಕೊರೊನಾ ಕಾಲದಲ್ಲಿ ಈ ತಲೆಮಾರಿನ ಅನೇಕರಿಗೆ ಅಪ್ಪ ಅಮ್ಮಂದಿರ ಮುಖವನ್ನು ಕೊನೆಯ ಸಲ ನೋಡುವ ಅವಕಾಶವೂ ಸಿಗಲಿಲ್ಲ. ಕೂರಿಸುವುದು, ಹಾಡುವುದು, ಹೊರುವುದು ಯಾವುದೂ ನಡೆಯಲಿಲ್ಲ. ಪ್ರತಿಮೆಗಳ ಕಡೆಗೆ ಕೈಚಾಚಿದವರಲ್ಲಿ ಇಂಥವರು ಕಾಣುವುದು ಕಾಕತಾಳೀಯವಿರಲಾರದು.

2022ರ ಮೇ ತಿಂಗಳಲ್ಲಿ ನಂಜನಗೂಡಿನಲ್ಲೊಂದು ಮದುವೆ ನಡೆಯಿತು. ವರನ ತಂದೆ ಕೊರೊನಾಕ್ಕೆ ಬಲಿಯಾಗಿದ್ದರು. ಮಂಟಪದಲ್ಲಿ ವರನ ತಾಯಿಯ ಪಕ್ಕದ ಕುರ್ಚಿ ಖಾಲಿ ಇರಲಿಲ್ಲ. ತಂದೆಯದೇ ಅಳತೆಯ, ತಂದೆಯದೇ ಮುಖದ ಪ್ರತಿಮೆ ಅಲ್ಲಿ ಕುಳಿತಿತ್ತು, ಅದರ ಮುಂದೆಯೇ ತಾಳಿ ಕಟ್ಟಿದ್ದಾಯಿತು. ಕೋಲ್ಕತ್ತದ ನಿವೃತ್ತ ಸರ್ಕಾರಿ ನೌಕರರೊಬ್ಬರು 2021ರ ಮೇ ತಿಂಗಳಲ್ಲಿ ಕೊರೊನಾದಿಂದ ಹೋದ ಹೆಂಡತಿಯ ಸಿಲಿಕಾನ್ ಪ್ರತಿಮೆಗೆ 2.5 ಲಕ್ಷ ರೂಪಾಯಿ ಕೊಟ್ಟರು. 30 ಕಿಲೋ ತೂಕದ ಆ ಪ್ರತಿಮೆಯನ್ನು ಮನೆಯಲ್ಲಿ ಆಕೆಗೆ ಇಷ್ಟವಾಗಿದ್ದ ಜಾಗದಲ್ಲೇ ಕೂರಿಸಿದರು. ದಂಪತಿ ಹಿಂದೊಮ್ಮೆ ಮಾಯಾಪುರದ ಇಸ್ಕಾನ್ ಮಂದಿರದಲ್ಲಿ ಪ್ರಭುಪಾದರ ಜೀವಂತಿಕೆಯ ಪ್ರತಿಮೆ ಕಂಡಿದ್ದರು. ತಾನು ಮೊದಲು ಹೋದರೆ ತನಗೂ ಅಂಥದೊಂದು ಬೇಕೆಂದು ಆಕೆ ಆಗಲೇ ಹೇಳಿಟ್ಟಿದ್ದರಂತೆ.

ಇವರನ್ನು ‘ಸಾವನ್ನು ಒಪ್ಪಿಕೊಳ್ಳದವರು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಕಳಿಸಿಕೊಡುವ ಹೊತ್ತೇ ಕೈತಪ್ಪಿದವರು ತಡವಾಗಿಯಾದರೂ ಒಮ್ಮೆ ಎದುರಿಗೆ ಕೂರಿಸಿ ನೋಡಿಕೊಂಡರು. ನಂಜನಗೂಡಿನ ಮದುವೆಯಲ್ಲಿ ಮಗ ಬೇಡಿದ್ದು ಅಪ್ಪನ ಆಶೀರ್ವಾದ, ಅದೂ ಒಂದು ಹೊತ್ತಿಗೆ.

[ಚೌಕಟ್ಟು] ಅಂಜಿಕೆಯ ಕಣಿವೆ
ಜಪಾನಿನ ರೋಬೊ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಗೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮ್ಮ ಪ್ರೀತಿ ಏರುತ್ತದೆ. ‘ಇನ್ನೇನು ಮನುಷ್ಯನೇ’ ಎನ್ನುವ ಹಂತದಲ್ಲಿ ಅದು ದಿಢೀರನೆ ಕುಸಿದು ಮೈ ಜುಂ ಎನ್ನುತ್ತದೆ. ಆ ಇಳಿಜಾರನ್ನು ಅವರು ಕಣಿವೆಗೆ ಹೋಲಿಸಿದರು. ಅಲುಗದ ವಸ್ತುವಿಗಿಂತ ಅಲುಗುವ ವಸ್ತುವಿನಲ್ಲಿ ಕಣಿವೆ ಇನ್ನೂ ಆಳ. ಸುಮ್ಮನೆ ಕುಳಿತ ಪ್ರತಿಮೆಯ ಪಕ್ಕ ಕೂರಬಲ್ಲವರು, ಅಲುಗುವ ಫೋಟೊ ಕಂಡು ಹಿಂದೆ ಸರಿಯುವುದು ಇದಕ್ಕೇ ಇರಬಹುದು.

ಕಿರಿಯರ ಲೋಕದಲ್ಲಿ ಪ್ರತಿಮೆ ಆಗಲೇ ಹಳೆಯದು. ಅವರ ಕೈಯಲ್ಲಿರುವುದು ಅಲುಗುವ, ಮಾತಾಡುವ ಪ್ರತಿರೂಪ. 2021ರ ಫೆಬ್ರುವರಿಯಲ್ಲಿ ‘ಮೈಹೆರಿಟೇಜ್’ ಸಂಸ್ಥೆ ಹಳೆಯ ಫೋಟೊದ ಮುಖವನ್ನು ನಗಿಸುವ, ಕತ್ತು ತಿರುಗಿಸುವ ಸೌಲಭ್ಯ ಬಿಟ್ಟಿತು. 2022ರ ಜೂನ್‌ನಲ್ಲಿ ಅಮೆಜಾನ್ ತೋರಿಸಿದ ಪ್ರಾತ್ಯಕ್ಷಿಕೆಯಲ್ಲಿ ಅಲೆಕ್ಸಾ ಯಂತ್ರ ಹುಡುಗನೊಬ್ಬನಿಗೆ ಅವನ ಅಜ್ಜಿಯ ದನಿಯಲ್ಲಿ ಕಥೆ ಓದಿತು. ಆ ದನಿ ಕಲಿಯಲು ಒಂದು ನಿಮಿಷಕ್ಕಿಂತ ಕಡಿಮೆ ಧ್ವನಿಮುದ್ರಣ ಸಾಕೆಂದು ಸಂಸ್ಥೆ ಹೇಳಿತು.

ಕನ್ನಡಿಗರು ಇಂಥ ದನಿಯನ್ನು ಕೇಳಿದ್ದು ಟಾಕೀಸಿನಲ್ಲಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ‘ಜೇಮ್ಸ್’ ಚಿತ್ರಕ್ಕೆ ಅವರ ಡಬ್ಬಿಂಗ್ ಆಗಿರಲಿಲ್ಲ. ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು. 2022ರ ಮಾರ್ಚ್ 17ರಂದು, ಪುನೀತ್ ಹುಟ್ಟುಹಬ್ಬದ ದಿನ, ಚಿತ್ರ ತೆರೆಕಂಡಿತು. ಮುಂದಿನ ತಿಂಗಳು 22ಕ್ಕೆ ಅದೇ ಚಿತ್ರ ಮತ್ತೆ ಬಂತು, ಈ ಸಲ ತಂತ್ರಜ್ಞಾನದಿಂದ ಮೂಡಿಸಿದ ಪುನೀತ್ ದನಿಯಲ್ಲೇ.

ಎರಡೂ ಸಲ ನೋಡಿದವರಿಗೆ ಒಂದು ಆಯ್ಕೆ ಎದುರಾಯಿತು. ಮೊದಲನೆಯದರಲ್ಲಿ ತಮ್ಮನ ಮುಖ, ಅಣ್ಣನ ಗಂಟಲು. ತಮ್ಮ ಇಲ್ಲವೆಂಬುದು ಪ್ರತಿ ಮಾತಿನಲ್ಲೂ ಕೇಳುತ್ತದೆ, ಅಣ್ಣನ ದುಃಖವೂ ಅದರೊಳಗಿದೆ. ಎರಡನೆಯದರಲ್ಲಿ ದನಿ, ಮುಖ ಎರಡೂ ಒಂದಾಗಿ, ಇಲ್ಲವೆಂಬುದೇ ಕ್ಷಣಕಾಲ ಮರೆಯುತ್ತದೆ. ಅಭಿಮಾನಿಗಳು ಎರಡನೆಯದಕ್ಕಾಗಿ ಕಾದಿದ್ದು ಸಹಜ. ಆದರೂ ಮೊದಲನೆಯದು ದೊಡ್ಡದೆಂದೇ ಈ ಲೇಖನದ ಅನಿಸಿಕೆ. ಅಲ್ಲಿ ಬದುಕಿರುವವನೊಬ್ಬ ಸತ್ತವನ ಮಾತನ್ನು ತನ್ನ ಬಾಯಲ್ಲಿ ಹೊತ್ತಿದ್ದಾನೆ. ಹಾಡ್ಯಾಡಿ ಅಳುವ ಹೆಂಗಸರು ಮಾಡುವುದೂ ಅದನ್ನೇ.

ಇದಕ್ಕೂ ಮೊದಲೇ, 2016ರ ಅಕ್ಟೋಬರ್‌ನಲ್ಲಿ ಬಂದ ‘ನಾಗರಹಾವು’ ಚಿತ್ರ ಸುಮಾರು ಏಳು ವರ್ಷ ಹಿಂದೆ ತೀರಿಹೋಗಿದ್ದ ವಿಷ್ಣುವರ್ಧನ್ ಅವರನ್ನು ಗಣಕದಲ್ಲಿ ಮರುಸೃಷ್ಟಿಸಿ ತೆರೆಗೆ ತಂದಿತ್ತು. ವಿಷ್ಣುವರ್ಧನ್ ರಾಮಾಚಾರಿಯಾಗಿದ್ದ 1972ರ ‘ನಾಗರಹಾವು’ ಕಂಡವರು ಅದೇ ಹೆಸರಿನ ಹೊಸ ಚಿತ್ರದಲ್ಲಿ ಅದೇ ಮುಖ ಹುಡುಕಿದರು. ಆ ಮುಖವನ್ನು ರಾಮಾಚಾರಿಯಾಗಿ ಕಂಡೇ ಇರದ ಹುಡುಗರಿಗೆ ಅದು ಒಳ್ಳೆಯ ಗ್ರಾಫಿಕ್ಸ್.

ತಲೆಮಾರಿನ ಅಂತರವೆಂದರೆ ಇಷ್ಟೇ ಅಲ್ಲ. ಯಾರಿಗೆ ಮೂಲ ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಎನ್ನುವುದೂ ಅದರಲ್ಲಿ ಸೇರಿದೆ. ಅಜ್ಜಿಯನ್ನು ಬಲ್ಲ ಮಗನಿಗೆ ಯಂತ್ರದ ದನಿಯಲ್ಲಿನ ತಪ್ಪು ಥಟ್ಟನೆ ಗೊತ್ತಾಗುತ್ತದೆ: ನಮ್ಮವ್ವ ಹೀಗೆ ‘ಬನ್ನಿ, ಕುಳಿತುಕೊಳ್ಳಿ’ ಅನ್ನೋಳಲ್ಲ, ‘ಬರ್ರಿ, ಕುಂದರ್ರಿ’ ಅನ್ನೋಳು. ಗಣಕಗಳು ಕಲಿತ ಕನ್ನಡದಲ್ಲಿ ಪುಸ್ತಕದ, ಸುದ್ದಿವಾಚನದ ಕನ್ನಡವೇ ಹೆಚ್ಚು. ಸೀಮೆಯ ಮಾತನ್ನೂ ಯಂತ್ರಕ್ಕೆ ಕಲಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ರೆಸ್ಪಿನ್’ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳನ್ನು ಧ್ವನಿಮುದ್ರಿಸಿದೆ. ಅದರ ಉದ್ದೇಶ ಕೃಷಿ, ಹಣಕಾಸಿನ ಮಾಹಿತಿ ಜನರಿಗೆ ಅವರದೇ ಮಾತಿನಲ್ಲಿ ಸಿಗಲೆಂಬುದು. ಆದರೆ ಯಂತ್ರಗಳು ಊರಿನ ಮಾತು ಕಲಿತಂತೆ, ಅವ್ವನ ‘ಕುಂದರ್ರಿ’ಯನ್ನೂ ಒಂದು ದಿನ ಕಲಿಯಬಹುದು. ಆಗ ಮಗನಿಗೂ ತಪ್ಪು ಹಿಡಿಯುವುದು ಕಷ್ಟವಾಗುತ್ತದೆ.

ಮೂಲ ಗೊತ್ತಿಲ್ಲದ ಮಗುವಿನ ಪಾಡು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಮೂರು ವರ್ಷದ ಮಗುವಿಗೆ ತಾನು ಕಂಡೇ ಇಲ್ಲದ ಅಜ್ಜ ಮೊಬೈಲಿನಲ್ಲಿ ಮಾತಾಡಿದರೆ, ಅದಕ್ಕೆ ಅಜ್ಜನೆಂದರೆ ಅದೇ. ಅದು ಆಡುವ ಮಾತು ಅಜ್ಜ ಆಡಿದ್ದಲ್ಲ. ಹಳೆಯ ಮಾತುಗಳ ಜಾಡಿನಲ್ಲಿ ಮುಂದಿನ ಪದ ಯಾವುದಿರಬಹುದೆಂದು ಯಂತ್ರ ಊಹಿಸಿದ್ದು. ಅಜ್ಜ ಕೊಡದ ಬುದ್ಧಿಮಾತನ್ನು ಅಜ್ಜನ ಹೆಸರಿನಲ್ಲಿ ಮಗು ಜೀವನವಿಡೀ ನೆನೆಯಬಹುದು.

ಕೇಂಬ್ರಿಜ್ ವಿಶ್ವವಿದ್ಯಾಲಯದ ತೊಮಾಶ್ ಹೊಲ್ಲಾನೆಕ್ ಮತ್ತು ಕತಾಜಿನಾ ನೊವಾಚಿಕ್ ಬಾಸಿನ್‌ಸ್ಕಾ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಸೇವೆಗಳನ್ನು ದೊಡ್ಡವರಿಗಷ್ಟೇ ಸೀಮಿತಗೊಳಿಸಬೇಕೆಂದು ಕೇಳಿದರು. ಅವರ ಇನ್ನೊಂದು ಸಲಹೆ ಇಳಕಲ್ಲಿನ ಅಜ್ಜಿಗೂ ಒಪ್ಪಿಗೆಯಾಗುವಂಥದ್ದು: ಸತ್ತವರಂತೆ ಮಾತಾಡುವ ಯಂತ್ರವನ್ನು ಗೌರವದಿಂದ ಕಳಿಸಿಕೊಡುವ ಒಂದು ಕ್ರಮವಿರಲಿ, ಬೇಕಿದ್ದರೆ ಅದಕ್ಕೊಂದು ಅಂತ್ಯಕ್ರಿಯೆಯೇ ಆಗಲಿ.

ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿಗೆ ಇದು ಮೊದಲೇ ಹೊಳೆದಿತ್ತು. 2020ರ ಫೆಬ್ರುವರಿಯಲ್ಲಿ ಪ್ರಸಾರವಾದ ಅದರ ಸಾಕ್ಷ್ಯಚಿತ್ರದಲ್ಲಿ ತಾಯಿಯೊಬ್ಬಳು ಕಣ್ಣಿಗೆ ವಿಆರ್ ಕನ್ನಡಕ, ಕೈಗೆ ವಿಶೇಷ ಗವಸು ತೊಟ್ಟು, ಕಾಯಿಲೆಯಿಂದ ಹೋದ ಏಳು ವರ್ಷದ ಮಗಳನ್ನು ಮತ್ತೆ ಕಂಡಳು. ಹುಟ್ಟುಹಬ್ಬದ ಕೇಕು, ಆಟ, ಮಾತು ಎಲ್ಲ ಆಯಿತು. ಕೊನೆಗೆ ಮಗಳು ನಿದ್ದೆಹೋಗಿ ಬಿಳಿ ಚಿಟ್ಟೆಯಾಗಿ ಹಾರಿಹೋದಳು. ಮಗುವನ್ನು ತರುವಷ್ಟೇ ಜತನದಿಂದ ಮಗುವನ್ನು ಕಳಿಸುವುದನ್ನೂ ಆ ತಂತ್ರಜ್ಞರು ರೂಪಿಸಿದ್ದರು. ಆದರೂ ನೋಡಿದವರಲ್ಲಿ ಹಲವರು ಅತ್ತರೆ, ಇನ್ನು ಕೆಲವರು ತಾಯಿಯ ಮೇಲೆ ಹೀಗೆ ಮಾಡಬಾರದಿತ್ತೆಂದು ಸಿಟ್ಟಾದರು.

[ಚೌಕಟ್ಟು] ದನಿಯ ಒಡೆಯರು ಯಾರು?
2024ರ ಜನವರಿಯಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ತಮಿಳು ಚಿತ್ರದ ಹಾಡಿಗೆ ತೀರಿಹೋದ ಗಾಯಕರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿ ಮರುಸೃಷ್ಟಿಸಿದರು. ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟರು. ಅದೇ ಹೊತ್ತಿಗೆ ಒಪ್ಪಿಗೆಯಿಲ್ಲದೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ ಬಳಸಿದ ತೆಲುಗು ಚಿತ್ರತಂಡಕ್ಕೆ ಅವರ ಕುಟುಂಬ ನೋಟಿಸ್ ಕೊಟ್ಟಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತನ್ನ ಸಾವಿನ ನಂತರ ದತ್ತಾಂಶದ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವಿದೆ. ವ್ಯಕ್ತಿಯ ಖಾಸಗಿತನದ ಹಕ್ಕು ವಾರಸುದಾರರಿಗೆ ಬರುವುದಿಲ್ಲವೆಂದು ದೆಹಲಿ ಹೈಕೋರ್ಟ್ 2023ರಲ್ಲಿ ನಟ ಸುಶಾಂತ್ ಸಿಂಗ್ ರಾಜಪೂತ್ ಪ್ರಕರಣದಲ್ಲಿ ಹೇಳಿತು.

ಇಳಕಲ್ಲಿನ ಮನೆಗಳಲ್ಲಿ ಇನ್ನೊಂದು ಬಗೆಯ ಪ್ರತಿರೂಪ ಇಂದಿಗೂ ಇದೆ. ಅಜ್ಜಿ ಹೋದ ಮೇಲೆ ಆಕೆಯ ಹಳೆಯ ಸೀರೆಗಳು ಕೌದಿಯಾಗುತ್ತವೆ. ಒಡಲಿನ ಹತ್ತಿ ಒಳಪದರಕ್ಕೆ, ಕೆಂಪು ಸೆರಗಿನ ತುಂಡು ಮೇಲೆ ಕಾಣುವಂತೆ. ಓಣಿಯ ಹೆಂಗಸರು ಸುತ್ತ ಕುಳಿತು ಸಣ್ಣ ಸಣ್ಣ ಹೊಲಿಗೆ ಹಾಕುತ್ತಾರೆ. ಈ ತುಂಡು ಯಾರ ಮದುವೆಯದು, ಆ ತುಂಡು ಯಾವ ಜಾತ್ರೆಯದು ಎಂಬ ಮಾತು ಹೊಲಿಗೆಯ ಜೊತೆ ಸಾಗುತ್ತದೆ. ಅದರ ಮೇಲೆ ಮಲಗುವ ಮೊಮ್ಮಕ್ಕಳಿಗೆ ಅಜ್ಜಿಯ ಮುಖ ಗೊತ್ತಿರಲೇಬೇಕೆಂದಿಲ್ಲ. ಒಗೆದು ಒಗೆದು ಬಣ್ಣ ಹೋಗುತ್ತದೆ, ಬಟ್ಟೆ ಹಿಂಜುತ್ತದೆ, ಒಂದು ದಿನ ಕೌದಿಯೂ ಮುಗಿಯುತ್ತದೆ. ಅಷ್ಟರಲ್ಲಿ ಇನ್ನೊಬ್ಬರ ಸೀರೆ ಬಂದಿರುತ್ತದೆ.

ಕೊಪ್ಪಳದ ಪ್ರತಿಮೆಗೆ ಈ ಸವೆತವಿಲ್ಲ. ಸೀರೆ ಬದಲಿಸಬಹುದು, ದೂಳು ಒರೆಸಬಹುದು, ಆ ನಗು ಹಾಗೇ ಇರುತ್ತದೆ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಹೆಣ್ಣುಮಕ್ಕಳು ಮಾತ್ರ ಬೆಳೆಯುತ್ತಾರೆ. ಒಂದು ದಿನ ಅವರೂ ಅಮ್ಮನ ವಯಸ್ಸಿಗೆ ಬಂದು, ಮುಂದೆ ಆ ವಯಸ್ಸನ್ನೂ ದಾಟುತ್ತಾರೆ. ಆಗ ತಮಗಿಂತ ಚಿಕ್ಕವಳಾದ ಅಮ್ಮನ ಪಕ್ಕ ಕೂರುವುದು ಹೇಗಿರುತ್ತದೆ ಎನ್ನುವುದನ್ನು ಹೇಳಬಲ್ಲ ಹಿರಿಯರು ಯಾವ ಮನೆಯಲ್ಲೂ ಇಲ್ಲ. ಅದನ್ನು ಮೊದಲು ತಿಳಿಯುವವರು ಆ ಮಕ್ಕಳೇ.

ಹುನಗುಂದದಾಚೆ ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡುವ ನೀರಿಗೆ 2023ರ ಜನವರಿಯಲ್ಲಿ ಒಬ್ಬರ ಚಿತಾಭಸ್ಮ ಬಿತ್ತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜನವರಿ 2ರಂದು ದೇಹ ಬಿಟ್ಟಿದ್ದರು. ತನ್ನ ಶರೀರವನ್ನು ಹೂಳದೆ ದಹಿಸಬೇಕು, ಶ್ರಾದ್ಧ ಬೇಡ, ಸ್ಮಾರಕ ಬೇಡ, ಬೂದಿಯನ್ನು ನದಿಗೋ ಸಾಗರಕ್ಕೋ ಬಿಡಬೇಕು ಎಂದು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ಗದ್ದುಗೆಗಳ ಈ ನಾಡಿನಲ್ಲಿ ಗದ್ದುಗೆಯೂ ಬೇಡವೆಂದವರು. ಹೇಳಿದಂತೆಯೇ ಆಯಿತು.

ಅವರ ಪ್ರವಚನಗಳು ಯೂಟ್ಯೂಬಿನಲ್ಲಿವೆ. ಬೆಳಗಿನ ಹೊತ್ತು ಚಹಾದಂಗಡಿಯಲ್ಲಿ, ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ, ಮಗ್ಗದ ಖಟಪಟದ ನಡುವೆ ಆ ತಣ್ಣನೆಯ ದನಿ ಕೇಳುತ್ತದೆ. ಅದು ಊಹಿಸಿದ ದನಿಯಲ್ಲ, ಅವರೇ ಒಂದು ಕಾಲಕ್ಕೆ, ಒಂದು ಊರಿನಲ್ಲಿ, ಎದುರಿಗೆ ಕುಳಿತ ಜನರಿಗೆ ಆಡಿದ ಮಾತು. ಪ್ರವಚನ ಮುಗಿದೊಡನೆ ದನಿ ನಿಲ್ಲುತ್ತದೆ. ನೇಕಾರ ಲಾಳಿ ಬಿಟ್ಟು ಎದ್ದು, ಕೈ ಒರೆಸಿಕೊಂಡು, ಮುಂದಿನದನ್ನು ಹಚ್ಚುತ್ತಾನೆ.